ಎರಡು ಸುತ್ತು ಸಡಿಲ

ನಮ್ಮ ಬೀದಿಯಲ್ಲಿ ಕಾರು ರಿಪೇರಿ ಮಾಡುವವರು ಆರು ಜನ. ಅವರಲ್ಲಿ ಐದು ಜನಕ್ಕೆ ಮುಂದಿನ ಚಕ್ರದ ಹತ್ತಿರ ಏನೋ ‘ಕಟಕ್’ ಅನ್ನುತ್ತದೆ ಎಂದು ಹೇಳಿದರೆ ಸಾಕು, ಕಾರನ್ನು ಜಾಕಿನ ಮೇಲೆ ಎತ್ತಿ ಎರಡೂ ಶಾಕ್ ಅಬ್ಸಾರ್ಬರ್ ಬಿಚ್ಚಿ ಹೊಸದು ಹಾಕಿಬಿಡುತ್ತಾರೆ. ಸದ್ದು ಹೋಗಲಿಲ್ಲವೋ, ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್ ಬದಲಾಯಿಸುತ್ತಾರೆ. ಅದಕ್ಕೂ ಹೋಗಲಿಲ್ಲವೋ, ಸ್ಟೀರಿಂಗಿಗೆ ಕೈ ಹಾಕುತ್ತಾರೆ. ಕೊನೆಗೆ ಮಾಲೀಕನಿಗೇ ಸಾಕಾಗಿ ರೇಡಿಯೋ ಜೋರು ಮಾಡಿಕೊಂಡು ಓಡಾಡುತ್ತಾನೆ. ಬಿಡಿಭಾಗಗಳ ಅಂಗಡಿ ನನ್ನದು. ಇಂಥವರಿಂದಲೇ ನನ್ನ ವ್ಯಾಪಾರ ನಡೆಯುವುದು, ಇಲ್ಲವೆನ್ನುವುದಿಲ್ಲ. ಆದರೂ ಹೇಳುತ್ತೇನೆ, ಅವರನ್ನು ಮೆಕ್ಯಾನಿಕ್ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಆರನೆಯವರೇ ಸದ್ದಪ್ಪ. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲ. ಕಾರಿನ ಸದ್ದು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಊರಿನವರು ಇಟ್ಟ ಹೆಸರು ಅದು. ಎದುರಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ನಾನು ಮಾತ್ರ ಭಾವ ಎನ್ನುತ್ತೇನೆ. ರಕ್ತಸಂಬಂಧ ಏನೂ ಇಲ್ಲ, ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಹಾಗಾಗಿ ಇವರು ಭಾವ ಆದರು. ನನ್ನ ಅಂಗಡಿಯ ಶಟರ್ ಎತ್ತಿದರೆ ಎದುರಿಗೆ ಅವರ ತಗಡಿನ ಶೆಡ್ಡು. ಇಪ್ಪತ್ತಾರು ವರ್ಷ ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಿದ್ದೇವೆ, ಇನ್ನು ಸಂಬಂಧಕ್ಕೆ ಏನು ಕಡಿಮೆ.

ಶೆಡ್ಡಿನ ನಡುವೆ ಆಳೆತ್ತರದ ಗುಂಡಿ. ಕಾರು ಅದರ ಮೇಲೆ ನಿಂತರೆ ಭಾವ ಕೆಳಗಿಳಿದು ನಿಲ್ಲುತ್ತಿದ್ದರು. ಗೋಡೆಯುದ್ದಕ್ಕೂ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು. ಮೂಲೆಯಲ್ಲಿ ಗುಜರಿಗೆ ಹೋದ ಬಸ್ಸಿನಿಂದ ತಂದ ಇಬ್ಬರು ಕೂರುವ ಸೀಟು, ಬಂದವರಿಗೆ ಅದೇ ಸೋಫಾ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಒಂದೇ ಕೋಣೆ, ಅದೇ ಮನೆ. ಮಕ್ಕಳಿರಲಿಲ್ಲ.

ಸದ್ದು ಹಿಡಿಯುವ ಕೆಲಸ ಹೊರಗಿನಿಂದ ನೋಡುವವರಿಗೆ ಒಬ್ಬರ ಕೆಲಸದಂತೆ ಕಾಣುತ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸಬೇಕು, ಬ್ರೇಕ್ ಹಿಡಿದು ಬಿಡಬೇಕು, ಹೇಳಿದಾಗ ಕಾರನ್ನು ತೂಗಬೇಕು. ಇನ್ನೊಬ್ಬರು ಕೆಳಗೆ ನಿಂತು ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಸವೆದ ಕೀಲು ಕಿವಿಗೆ ಸಿಗುವ ಮೊದಲೇ ಬೆರಳಿಗೆ ಸಿಗುತ್ತದೆ, ನಾಡಿ ಹಿಡಿದ ಹಾಗೆ. ಬರೀ ಕಿವಿ ನಂಬಿದರೆ ಕೆಟ್ಟೆವು, ಎಡಗಡೆಯ ಸದ್ದು ಕಬ್ಬಿಣದೊಳಗೆ ಓಡಿ ಬಲಗಡೆ ಕೇಳಿಸುತ್ತದೆ. ಮೇಲೆ ಕೂತವರು ಒಂದೇ ಹದದಲ್ಲಿ ಆಡಿಸದಿದ್ದರೆ ಕೆಳಗಿನವರ ಬೆರಳಿಗೆ ಏನೂ ತಿಳಿಯುವುದಿಲ್ಲ.

ಮೇಲೆ ಕೂರುತ್ತಿದ್ದವರು ಅಕ್ಕ. ಇಪ್ಪತ್ತಮೂರು ವರ್ಷ ಕೂತರು. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದರಲ್ಲಿ ಪೇಪರು. ಪೇಪರನ್ನು ಕೆಳಗಿರುವ ಗಂಡನಿಗೆ ಕೇಳುವ ಹಾಗೆ ಓದುತ್ತಿದ್ದರು, ನಡುನಡುವೆ ತಮ್ಮ ಟೀಕೆಯನ್ನೂ ಸೇರಿಸಿ. ಭಾವ ಕೆಳಗಿನಿಂದ ಸ್ಪ್ಯಾನರಿನಲ್ಲಿ ಒಮ್ಮೆ ಕುಟ್ಟಿದರೆ ನಿಲ್ಲಿಸು ಎಂದರ್ಥ, ಎರಡು ಸಲ ಕುಟ್ಟಿದರೆ ಇನ್ನೊಂದು ಕಡೆಗೆ ತಿರುಗಿಸು ಎಂದು. ಅಕ್ಕನ ಓದು ಆ ಕುಟ್ಟುವಿಕೆಗೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಸದ್ದು ಸಿಗುತ್ತಿತ್ತು. ನಾನು ಗಿರಾಕಿಗಳಿಲ್ಲದಾಗ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಹರಟೆ ಹೊಡೆದಿದ್ದೂ ಉಂಟು.

ಅಕ್ಕನಿಗೆ ಜ್ವರ ಬಂತು, ಶ್ವಾಸಕೋಶಕ್ಕೆ ಇಳಿಯಿತು, ಒಂಬತ್ತನೆಯ ದಿನ ಹೋಗಿಬಿಟ್ಟರು. ಆ ಒಂಬತ್ತು ದಿನವೂ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆ. ಆ ಮಾತು ಇಲ್ಲಿಗೆ ಸಾಕು.

ಆಮೇಲೆ ಭಾವನ ಕೆಲಸ ಅರ್ಧಕ್ಕೆ ಕುಂಟತೊಡಗಿತು. ಕಾರಿನ ಮಾಲೀಕರನ್ನೇ ಕೂರಿಸಿ ನೋಡಿದರು. ಒಬ್ಬನು ಫೋನಿನಲ್ಲಿ ಮಾತಾಡುತ್ತಾ ಸ್ಟೀರಿಂಗನ್ನು ಮರೆತೇಬಿಡುತ್ತಿದ್ದ, ಇನ್ನೊಬ್ಬನು ಬೀಸುಕಲ್ಲು ತಿರುಗಿಸಿದಂತೆ ತಿರುಗಿಸುತ್ತಿದ್ದ. ಒಂದು ದಿನ ತಡೆಯಲಾರದೆ ನಾನೇ ಹೋಗಿ ಕೂತೆ. ನನ್ನದು ಮೊದಲೇ ಅವಸರದ ಕೈ. ಕೆಳಗೆ ಎರಡು ಸಲ ಕುಟ್ಟಿದ್ದೇ ತಡ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಎಳೆದೆ. ಭಾವನ ಹೆಬ್ಬೆರಳು ಚಕ್ರ ತಿರುಗಿಸುವ ಟೈ ರಾಡಿನ ಸಂದಿಗೆ ಸಿಕ್ಕಿ ಉಗುರು ಕಪ್ಪಾಯಿತು. ಮೇಲೆ ಬಂದು ಕೈ ಕೊಡವುತ್ತಾ, ನೀನು ಅಂಗಡಿಯಲ್ಲಿ ಕೂತಿರಮ್ಮಾ, ಅದೇ ದೊಡ್ಡ ಉಪಕಾರ ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಅದಾದ ಮೇಲೆ ನಾನು ಕೂರಲಿಲ್ಲ, ಅವರೂ ಕರೆಯಲಿಲ್ಲ.

ಕೊನೆಗೆ ಒಬ್ಬರೇ ಮಾಡತೊಡಗಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೀಲಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಾಲಿನಿಂದ ಚಕ್ರವನ್ನು ಒದ್ದು ಒದ್ದು ಕೇಳುವುದು. ಮೇಲೆ ಹತ್ತುವುದು, ಸ್ಟೀರಿಂಗ್ ತಿರುಗಿಸಿ ಮತ್ತೆ ಇಳಿಯುವುದು. ಹತ್ತು ನಿಮಿಷದ ಕೆಲಸಕ್ಕೆ ಇಡೀ ದಿನ. ಮನುಷ್ಯನಿಗೆ ಮಾತೂ ಕಡಿಮೆಯಾಯಿತು. ಬೆಳಗ್ಗೆ ನಾನು ಶಟರ್ ಎತ್ತುವಾಗ ಒಂದು ತಲೆಯಾಡಿಸುವಿಕೆ, ಸಂಜೆ ಎಳೆಯುವಾಗ ಇನ್ನೊಂದು, ಅಷ್ಟೇ. ಕೆಲಸ ಮುಗಿದರೂ ಶೆಡ್ಡಿನಲ್ಲೇ ಕೂತು, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದರು. ಮನೆಗೆ ಹೋಗಬಾರದಾ ಎಂದು ಒಮ್ಮೆ ಗದರಿದೆ. ಮೇಲೆ ಏನಿದೆ, ಒಂದು ಮಂಚ ಇದೆ, ಒಂದು ಫ್ಯಾನಿದೆ, ಅವೆರಡೂ ನನ್ನನ್ನ ಕಾಯ್ತಾ ಇಲ್ಲ ಎಂದರು. ನನ್ನ ಗಂಡ ಹೋಗಿ ಹನ್ನೊಂದು ವರ್ಷ, ನನಗೂ ಮನೆಯಲ್ಲಿ ಗೋಡೆಗಳೇ.

ಹೀಗೆ ಮೂರು ವರ್ಷ ಕಳೆದ ಮೇಲೆ ಗಡಿಯಾರದವರು ಬಂದರು.

ಬೂದು ಬಣ್ಣದ ಹಳೆಯ ಸಣ್ಣ ಕಾರು. ಇಳಿದವರು ಎಪ್ಪತ್ತರ ಹತ್ತಿರದ ಸಪೂರ ಮನುಷ್ಯ, ತುಂಬುತೋಳಿನ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಿದ್ದರು. ನಲವತ್ತು ವರ್ಷ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಗಡಿಯಾರ ರಿಪೇರಿ ಮಾಡಿದವರು. ಕೈಗಡಿಯಾರ ಕೆಟ್ಟರೆ ಜನ ಎಸೆದು ಹೊಸದು ಕೊಳ್ಳುವ ಕಾಲ ಬಂದಾಗ ಗೂಡು ಮುಚ್ಚಿದರಂತೆ. ಮದುವೆಯಾಗಿಲ್ಲ. ಮನೆಯಲ್ಲಿ ಒಬ್ಬ ಅಕ್ಕ. ಆಕೆಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು, ಕಾರು ಇರುವುದೇ ಅದಕ್ಕೆ. ಆ ಕಾರಿನ ಮುಂಭಾಗದಲ್ಲಿ ಸದ್ದು. ನಾಲ್ಕು ಕಡೆ ತೋರಿಸಿ ನಾಲ್ಕು ಥರದ ಸಾಮಾನು ಬದಲಾಯಿಸಿದ್ದರೂ ಹೋಗಿರಲಿಲ್ಲ.

ಭಾವ ಎಂದಿನಂತೆ ಕೇಳಿದರು, ಸದ್ದು ಯಾವಾಗ ಬರುತ್ತೆ ಎಂದು. ಈ ಪ್ರಶ್ನೆಗೆ ಎಲ್ಲರೂ ಹೇಳುವುದು ಒಂದೇ, ‘ಯಾವಾಗಲೂ’ ಎಂದು. ಗಡಿಯಾರದವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಇಂಥ ದಿನ, ಇಂಥ ರಸ್ತೆ, ಇಷ್ಟು ವೇಗ, ಬ್ರೇಕ್ ಹಿಡಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು, ತಿರುವಿನಲ್ಲಿ ಇಲ್ಲ, ಉಬ್ಬಿನಲ್ಲಿ ಇಲ್ಲ. ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ. ಭಾವ ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಆಮೇಲೆ, ಸ್ವಲ್ಪ ಒಳಗೆ ಕೂತು ಸ್ಟೀರಿಂಗ್ ಆಡಿಸ್ತೀರಾ ಎಂದು ಕೇಳಿದರು. ನಾನು ಎದುರಿನಿಂದ ನೋಡುತ್ತಾ, ಇನ್ನೊಂದು ಹೆಬ್ಬೆರಳಿಗೂ ಅದೇ ಗತಿ ಎಂದುಕೊಂಡೆ.

ನಾನು ಅಂದುಕೊಂಡಂತೆ ಆಗಲಿಲ್ಲ. ಕೂದಲೆಳೆಯಷ್ಟು ಚಕ್ರಗಳನ್ನು ನಲವತ್ತು ವರ್ಷ ತಿರುಗಿಸಿದ ಕೈ ಅದು. ಸ್ಟೀರಿಂಗನ್ನು ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಯಿತು. ಒಂದೇ ಹದ, ಒಂದೇ ವೇಗ, ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಮೊದಲ ಸಲ ಕುಟ್ಟಿದಾಗ ಏನೆಂದು ಕೇಳಿದರು, ಆಮೇಲೆ ಕೇಳುವ ಅಗತ್ಯ ಬರಲಿಲ್ಲ. ಐದು ನಿಮಿಷಕ್ಕೆ ಸದ್ದು ಸಿಕ್ಕಿತು. ಕೆಳಗಿನ ಆರ್ಮಿನ ಹೊಸ ರಬ್ಬರ್ ಬುಷ್ ಆರು ತಿಂಗಳಿಗೇ ಹರಿದುಹೋಗಿತ್ತು. ಅದನ್ನು ಹಾಕಿದ ಮಹಾನುಭಾವ ಕಾರು ಜಾಕಿನ ಮೇಲೆ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಯಬೇಕು, ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಇಷ್ಟು ಗೊತ್ತಿಲ್ಲದವರೆಲ್ಲ ಬೋರ್ಡು ಹಾಕಿಕೊಂಡಿದ್ದಾರೆ, ಏನು ಹೇಳುವುದು.

ಸದ್ದು ಸಿಕ್ಕ ಮೇಲೂ ಭಾವ ಮೇಲೆ ಬರಲಿಲ್ಲ. ಗುಂಡಿಯಲ್ಲಿ ನಿಂತು, ಸುಮ್ಮನೆ, ಇನ್ನೂ ಹತ್ತು ನಿಮಿಷ ಕುಟ್ಟುತ್ತಿದ್ದರು. ಮೇಲಿನವರು ಆಡಿಸುತ್ತಿದ್ದರು.

ಬುಷ್ ಹಾಕಿದ್ದಾಯಿತು. ಇಬ್ಬರೂ ಬಸ್ಸಿನ ಸೀಟಿನಲ್ಲಿ ಕೂತು ಟೀ ಕುಡಿದರು. ಗಡಿಯಾರದ ಚಕ್ರಗಳ ನಡುವೆ ಎಷ್ಟು ಸಡಿಲ ಇರಬೇಕು, ಪೂರ್ತಿ ಬಿಗಿಯಾದರೆ ಯಾಕೆ ನಿಂತುಹೋಗುತ್ತದೆ ಎಂದು ಅವರು ಹೇಳಿದರು. ಕಾರಿನಲ್ಲೂ ಹಾಗೇ ಎಂದು ಇವರು. ಏನು ಮಾತಿಗೋ ಭಾವ ನಕ್ಕರು. ನಾನು ಎಣ್ಣೆಯ ಡಬ್ಬ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿದೆ. ಮೂರು ವರ್ಷದಲ್ಲಿ ಆ ನಗು ಕೇಳಿರಲಿಲ್ಲ.

ಸರಿಯಾಗಿ ರಿಪೇರಿಯಾದ ಕಾರು ಯಾಕೆ ಬರುತ್ತದೆ? ಬರಲಿಲ್ಲ. ಎರಡು ತಿಂಗಳು ಭಾವ ಬೂದು ಬಣ್ಣದ ಕಾರು ಕಂಡರೆ ಸಾಕು, ಗುಂಡಿಯಿಂದ ತಲೆ ಎತ್ತಿ ನೋಡುತ್ತಿದ್ದರು. ಅದನ್ನು ನೋಡಿ ನಾನು ತಮಾಷೆ ಮಾಡಿದೆ, ಮದುವೆಗೆ ಹೆಣ್ಣು ನೋಡಿ ಹೋದವರು ಉತ್ತರ ಹೇಳಲಿಲ್ಲವಾ ಎಂದು. ಕೊನೆಗೊಂದು ದಿನ ಬಂದರು. ಈ ಸಲ ಶಾಕಿನ ಮೇಲಿನ ಮೌಂಟಿಂಗ್ ಸವೆದಿತ್ತು, ನಿಜವಾದ ತೊಂದರೆ, ನನ್ನ ಅಂಗಡಿಯಿಂದಲೇ ಹೊಸದು ಹೋಯಿತು. ಮತ್ತೆ ಒಂದು ಗಂಟೆ ಕುಟ್ಟುವುದು, ಆಡಿಸುವುದು, ಟೀ, ಮಾತು.

ಅದಾದ ಮೇಲೆ ಆ ಕಾರು ಹತ್ತು ಹನ್ನೆರಡು ದಿನಕ್ಕೊಮ್ಮೆ ಬರತೊಡಗಿತು. ಬೇರೆ ಥರದ ಸದ್ದು ಮೇಸ್ತ್ರಿ, ಸಣ್ಣದು, ಆಸ್ಪತ್ರೆ ಹತ್ತಿರದ ಕಿತ್ತುಹೋದ ರಸ್ತೆಯಲ್ಲಿ ಮಾತ್ರ ಬರುತ್ತೆ ಎನ್ನುತ್ತಿದ್ದರು ಗಡಿಯಾರದವರು. ನಮ್ಮ ಬೀದಿಯ ರಸ್ತೆ ನಯವಾಗಿತ್ತು, ಇಲ್ಲಿ ಓಡಿಸಿ ನೋಡಿದರೆ ಏನೂ ಕೇಳಿಸುತ್ತಿರಲಿಲ್ಲ. ಭಾವ ಪ್ರತಿ ಸಲವೂ ಅವರನ್ನು ಸೀಟಿನಲ್ಲಿ ಕೂರಿಸಿ ಕೆಳಗಿಳಿಯುತ್ತಿದ್ದರು. ಗಡಿಯಾರದವರಿಗೂ ಅಭ್ಯಾಸವಾಗಿ, ಕೆಳಗಿರುವವರ ಜೊತೆ ಕಿಟಕಿಯಿಂದ ಮಾತಾಡುತ್ತಾ ಆಡಿಸುತ್ತಿದ್ದರು. ಕೆಲವು ಸಲ ಟೀಗೆ ನನ್ನನ್ನೂ ಕರೆಯುತ್ತಿದ್ದರು. ಬಸ್ಸಿನ ಸೀಟಿನಲ್ಲಿ ಜಾಗ ಸಾಲದೆ ನಾನು ಟೈರಿನ ಮೇಲೆ ಕೂರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಮಧ್ಯಾಹ್ನಗಳಿಗೆ ನಾನೂ ಕಾಯುತ್ತಿದ್ದೆ.

ಐದು ತಿಂಗಳು ಹೀಗೇ ನಡೆಯಿತು. ಭಾವ ಒಂದು ಕಾಸು ತೆಗೆದುಕೊಳ್ಳಲಿಲ್ಲ, ನನ್ನ ಅಂಗಡಿಯಿಂದ ಆ ಕಾರಿಗೆಂದು ಒಂದು ವಾಷರ್ ಕೂಡ ಒಯ್ಯಲಿಲ್ಲ. ಬೀದಿಯ ಉಳಿದ ಐವರಿಗೆ ಹಬ್ಬವಾಯಿತು. ಸದ್ದಪ್ಪನ ಕಿವಿ ಹೋಯಿತು, ಒಂದು ಸಣ್ಣ ಸದ್ದು ಹಿಡಿಯಲು ಆಗುತ್ತಿಲ್ಲ ಎಂದು ನನ್ನ ಅಂಗಡಿಯಲ್ಲೇ ನಿಂತು ಆಡಿಕೊಂಡರು. ನಿಮ್ಮ ಆಟವೆಲ್ಲ ನನ್ನ ಅಂಗಡಿಯ ಹೊರಗೆ ಇಟ್ಟುಕೊಳ್ಳಿ ಎಂದು ಝಾಡಿಸಿ ಕಳಿಸಿದೆ. ಕಳಿಸಿದೆನೇ ಹೊರತು ನನಗೂ ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ಹತ್ತು ನಿಮಿಷದ ಮನುಷ್ಯ ಐದು ತಿಂಗಳು ಹುಡುಕುವುದೆಂದರೇನು?

ಒಂದು ದಿನ ಗಡಿಯಾರದವರು ಕಾರು ಬಿಟ್ಟು ತಮ್ಮ ಅಕ್ಕನ ಮಾತ್ರೆ ತರಲು ಔಷಧಿ ಅಂಗಡಿಗೆ ಹೋಗಿದ್ದರು. ಭಾವ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದರು. ನಾನು ಸುಮ್ಮನೆ ಕಾರಿನ ಪಕ್ಕ ಬಗ್ಗಿದೆ. ಮುಂದಿನ ಚಕ್ರ ಪೂರ್ತಿ ಹೊರಕ್ಕೆ ತಿರುಗಿತ್ತು, ಒಳಗಿನ ನಟ್ಟುಬೋಲ್ಟೆಲ್ಲ ಕಾಣುತ್ತಿದ್ದವು.

ಇಲ್ಲಿ ಭಾವನ ಒಂದು ಪದ್ಧತಿ ಹೇಳಬೇಕು. ಅವರು ಯಾವುದೇ ನಟ್ಟನ್ನು ಬಿಗಿದರೂ ಕೊನೆಗೆ ಹಳದಿ ಬಣ್ಣದಲ್ಲಿ ನಟ್ಟಿನಿಂದ ಬೋಲ್ಟಿಗೆ ಒಂದು ಗೆರೆ ಎಳೆಯುತ್ತಾರೆ. ಮುಂದೆ ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಆ ಗೆರೆ ಇದ್ದರೆ ಬಿಗಿಯಾಗಿದೆ ಎಂದು ಕಣ್ಣು ಮುಚ್ಚಿ ನಂಬಬಹುದು. ನಂಬರ್ ಪ್ಲೇಟಿನ ಸ್ಕ್ರೂವಿಗೂ ಗೆರೆ ಎಳೆಯುವ ಮನುಷ್ಯ. ಆ ಕಾರಿನ ಆರ್ಮಿನ ಬೋಲ್ಟಿಗೆ ಗೆರೆ ಇತ್ತು, ಟೈ ರಾಡಿಗೆ ಇತ್ತು, ಶಾಕಿಗೆ ಇತ್ತು. ಶಾಕಿಗೂ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡಪಟ್ಟಿಗೂ ನಡುವೆ ಗೇಣುದ್ದದ ಒಂದು ಲಿಂಕ್ ರಾಡ್ ಇರುತ್ತದೆ. ಅದರ ಮೇಲಿನ ನಟ್ಟಿಗೆ ಮಾತ್ರ ಗೆರೆ ಇರಲಿಲ್ಲ. ಎರಡು ಬೆರಳಿನಲ್ಲಿ ರಾಡು ಹಿಡಿದು ಅಲುಗಿಸಿದೆ. ಕಟಕ್ ಎಂದಿತು.

ಭಾವ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಹಿಂದೆ ನಿಂತಿದ್ದರು.

“ಭಾವ, ಇದಕ್ಕೆ ಯಾಕೆ ಗೆರೆ ಇಲ್ಲ?”

ಅವರು ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಬಿಗಿ ಮಾಡದ ನಟ್ಟಿಗೆ ಗೆರೆ ಹೇಗಮ್ಮಾ ಎಳೀಲಿ” ಎಂದರು.

ನನಗೆ ಕೋಪ ಬಂತು. ಎರಡು ಸುತ್ತು ಸಡಿಲ ಬಿಟ್ಟಿದ್ದಾರಂತೆ, ಲೆಕ್ಕ ಹಾಕಿ. ಅದು ಲಾಕ್ ನಟ್ಟು, ಬೀಳುವುದಿಲ್ಲ. ಲಿಂಕ್ ರಾಡು ಪೂರ್ತಿ ಬಿಚ್ಚಿದರೂ ಚಕ್ರಕ್ಕಾಗಲಿ ಬ್ರೇಕಿಗಾಗಲಿ ಏನೂ ಆಗುವುದಿಲ್ಲ, ಸದ್ದು ಬರುತ್ತದೆ ಅಷ್ಟೇ. ಪ್ರಾಣಕ್ಕೆ ಕುತ್ತು ಬರದ ನಟ್ಟು ಯಾವುದೆಂದು ಹುಡುಕಿ ಅದನ್ನೇ ಆರಿಸಿದ್ದರು. ಇಷ್ಟನ್ನೂ ನೆಲ ನೋಡುತ್ತಾ ಹೇಳಿದರು. ನಾನು ಬಾಯಿಗೆ ಬಂದಂತೆ ಬೈದೆ. ಕಟ್ಟಿದ ಹೆಸರನ್ನು ಕೈಯಾರೆ ಚರಂಡಿಗೆ ಎಸೆಯುತ್ತಿದ್ದೀರಿ, ನಿಮ್ಮನ್ನು ನಂಬಿ ಬರುವವರಿಗೆ ಮಾಡುವ ಕೆಲಸವಾ ಇದು, ಆ ಐವರಿಗೂ ನಿಮಗೂ ಏನು ವ್ಯತ್ಯಾಸ ಎಂದೆಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾತ್ರ ಒಂದು ಮಾತು ಹೇಳಿದರು.

“ಕೆಳಗೆ ನಿಂತಾಗ ಮೇಲೆ ಸೀಟಲ್ಲಿ ಒಬ್ರು ಇದಾರೆ ಅನ್ಸುತ್ತೆ. ಅಷ್ಟಕ್ಕೆ ಮಾಡಿದೆ. ಅವರು ಬಾರದ ದಿನ ನಾನು ಯಾರ ಹತ್ರಾನೂ ಒಂದು ಮಾತೂ ಆಡಿರಲ್ಲ.”

ಅಷ್ಟರಲ್ಲಿ ಗಡಿಯಾರದವರು ಮಾತ್ರೆಯ ಪೊಟ್ಟಣ ಹಿಡಿದು ಬಂದರು. ಸೀಟಿನಲ್ಲಿ ಕೂತರು. ಭಾವ ಗುಂಡಿಗಿಳಿದರು. ನಾನು ಅಲ್ಲೇ ನಿಂತಿದ್ದೆ. ಸ್ಟೀರಿಂಗ್ ಆಡಿಸುತ್ತಾ ಗಡಿಯಾರದವರು ಅಂದು ಮೊದಲ ಬಾರಿಗೆ ತಮ್ಮ ಅಕ್ಕನ ವಿಷಯ ಬಿಡಿಸಿ ಹೇಳಿದರು. ಆಸ್ಪತ್ರೆಯ ರಸ್ತೆಯಲ್ಲಿ ಸದ್ದು ಬಂದಾಗಲೆಲ್ಲ ಅಕ್ಕ ಆಡುವ ಒಂದೇ ಕೈಯಲ್ಲಿ ಬಾಗಿಲ ಹಿಡಿ ಹಿಡಿದುಕೊಂಡು ಕಣ್ಣು ಮುಚ್ಚಿಬಿಡುತ್ತಾಳೆ, ಚಕ್ರ ಕಳಚಿ ಹೋಗುತ್ತದೆ ಎಂದು ಅವಳಿಗೆ ಭಯ, ಮೇಸ್ತ್ರಿ ನೋಡಿದ್ದಾರೆ ಅಪಾಯವಿಲ್ಲ ಎಂದರೂ ನಂಬುವುದಿಲ್ಲ, ಆಸ್ಪತ್ರೆಗೇ ಬೇಡ ಎಂದು ಈಚೆಗೆ ಹಟ ಹಿಡಿಯುತ್ತಾಳೆ. ದೂರಿನ ದನಿಯಲ್ಲಿ ಹೇಳಲಿಲ್ಲ ಅವರು. ಕೆಳಗೆ ಕುಟ್ಟುವುದು ನಿಂತಿತ್ತು.

ಭಾವ ಮೇಲೆ ಬಂದರು. ಗೋಡೆಯಿಂದ ಸ್ಪ್ಯಾನರು ತೆಗೆದರು. ನಾನು ಅವರನ್ನೇ ದುರುಗುಟ್ಟಿ ನೋಡುತ್ತಿದ್ದೆ. ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು, ಸ್ಪ್ಯಾನರನ್ನು ನಟ್ಟಿಗೆ ಹಾಕಿದರು. ತಿರುಗಿಸಲಿಲ್ಲ. ಅಲ್ಲೇ ಕೂತು ನನ್ನ ಕಡೆ ತಿರುಗಿ, ಬರೀ ತುಟಿಯಲ್ಲಿ, “ಮುಂದಿನ ಸಲ” ಎಂದರು. “ಮುಂದಿನ ಸಲ ಖಂಡಿತ ಬಿಗಿ ಮಾಡ್ತೀನಿ.”

ಆಗ ನಾನು ಬಾಯಿ ಬಿಡಬೇಕಿತ್ತು. ಎರಡೇ ಮಾತು ಸಾಕಿತ್ತು, ಗಡಿಯಾರದವರು ಮೂರಡಿ ದೂರದಲ್ಲಿದ್ದರು. ಜಗಳಗಂಟಿ ಎಂದು ಬೀದಿಗೆಲ್ಲ ಹೆಸರಾದ ನನ್ನ ಬಾಯಿಗೆ ಆ ಹೊತ್ತು ಬೀಗ ಬಿತ್ತು. ಇನ್ನೊಂದು ಸಲ ಬರಲಿ, ಇನ್ನೊಂದು ಮಧ್ಯಾಹ್ನ ಸಿಗಲಿ ಎಂದು ನನ್ನೊಳಗೂ ಯಾರೋ ಹೇಳಿದರು. ಅವರ ತಪ್ಪಿನಲ್ಲಿ ನನ್ನದು ಅರ್ಧ ಎಂದು ನಾನು ಇವತ್ತಿಗೂ ಒಪ್ಪುತ್ತೇನೆ. ಕಾರು ಹೋಯಿತು.

ಹತ್ತನೆಯ ದಿನ ಭಾವ ಬೆಳಗ್ಗೆಯೇ ಗುಂಡಿ ಖಾಲಿ ಮಾಡಿ ಗುಡಿಸಿದರು. ಬೇರೆ ಕಾರು ಬಂದರೆ ನಾಳೆ ಬನ್ನಿ ಎಂದು ಕಳಿಸಿದರು. ಹನ್ನೆರಡನೆಯ ದಿನವೂ ಹಾಗೇ. ಇಪ್ಪತ್ತಾಯಿತು, ತಿಂಗಳಾಯಿತು. ಆ ಅಕ್ಕನಿಗೆ ಏನಾದರೂ ಆಯಿತೇನೋ ಎಂದು ನನ್ನನ್ನು ಕೇಳಿದರು, ನನಗೇನು ಗೊತ್ತು. ಫೋನ್ ನಂಬರು ಇಬ್ಬರ ಹತ್ತಿರವೂ ಇರಲಿಲ್ಲ. ಕಾರು ತಾನಾಗಿ ಬರುತ್ತಿದ್ದಾಗ ನಂಬರು ಯಾರಿಗೆ ಬೇಕಿತ್ತು? ಭಾವ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಬಂದ ತಕ್ಷಣ ಬಿಗಿ ಮಾಡಿಬಿಡ್ತೀನಿ, ಎಲ್ಲ ಹೇಳಿಬಿಡ್ತೀನಿ ಎಂದು ದಿನಕ್ಕೊಂದು ಸಲ ನನ್ನ ಅಂಗಡಿಗೆ ಬಂದು ಹೇಳಿ ಹೋಗುತ್ತಿದ್ದರು.

ಏಳನೆಯ ವಾರ ಬೂದು ಕಾರು ಬೀದಿಗೆ ತಿರುಗಿತು. ಭಾವ ಗುಂಡಿಯಿಂದ ಹತ್ತಿ ಬಂದ ವೇಗಕ್ಕೆ ಮೊಣಕಾಲು ತರಚಿತು. ಕಾರಿನ ನೆತ್ತಿಯ ಮೇಲೆ ಹೊಸದಾಗಿ ಒಂದು ಬೋರ್ಡು, ಎರಡೂ ಬಾಗಿಲಿಗೆ ಕೆಂಪು ಅಕ್ಷರ. ಇಳಿದವನು ಡ್ರೈವಿಂಗ್ ಶಾಲೆಯವನು, ಹೊಟ್ಟೆ ಮುಂದೆ ಬಂದ ಲವಲವಿಕೆಯ ಮನುಷ್ಯ. ಎಂಜಿನ್ ಎಣ್ಣೆ ಬದಲಾಯಿಸಬೇಕಿತ್ತಂತೆ. ಕಾರು ಎಲ್ಲಿಂದ ಬಂತು ಎಂದು ನಾನೇ ಕೇಳಿದೆ.

ಅವನು ಸಂತೋಷದಿಂದಲೇ ಹೇಳಿದ. “ಗಡಿಯಾರ ರಿಪೇರಿ ಮಾಡ್ತಿದ್ದ ಒಬ್ರು ಹಿರಿಯರು ಮಾರಿದ್ರು. ಮುಂದೆ ಒಂದು ಸಣ್ಣ ಸದ್ದಿದೆ, ಊರಿಗೇ ದೊಡ್ಡ ಮೇಸ್ತ್ರಿ ಐದು ತಿಂಗಳು ನೋಡಿದ್ರೂ ಸಿಗ್ಲಿಲ್ಲ, ಅವರ ಕೈಗೇ ಸಿಗ್ಲಿಲ್ಲ ಅಂದ್ಮೇಲೆ ಅದು ಹೋಗೋ ಸದ್ದಲ್ಲ ಅಂತ ಮೊದಲೇ ಹೇಳಿದ್ರು. ಬೇರೆ ಏನೇ ಕೆಲಸ ಇದ್ರೂ ಅವರ ಹತ್ರಾನೇ ಹೋಗಿ, ಅಷ್ಟು ಪ್ರಾಮಾಣಿಕ ಮನುಷ್ಯ ಇನ್ನೊಬ್ಬ ಸಿಗಲ್ಲ ಅಂತ ನಿಮ್ಮ ವಿಳಾಸ ಕೊಟ್ರು.”

ಭಾವ ಗೋಡೆಯ ಸ್ಪ್ಯಾನರು ತೆಗೆದುಕೊಂಡರು. ಯಾರನ್ನೂ ಸೀಟಿನಲ್ಲಿ ಕೂರಿಸಲಿಲ್ಲ. ಚಕ್ರ ಹೊರಕ್ಕೆ ತಿರುಗಿಸಿ, ಕೈ ಒಳಗೆ ಹಾಕಿ, ಎರಡು ಸುತ್ತು ಬಿಗಿದರು. ಹಳದಿ ಬಣ್ಣ ತಂದು ಗೆರೆ ಎಳೆದರು. ಗೆರೆ ಸೊಟ್ಟಗಾಯಿತು, ಒರೆಸಿ ಮತ್ತೆ ಎಳೆದರು. ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಬಹುದು. ಸದ್ದು ಇನ್ನು ಬರಲ್ಲ ಎಂದಾಗ ಡ್ರೈವಿಂಗ್ ಶಾಲೆಯವನು ಬಾಯಿ ತೆರೆದು ನೋಡಿದ. ಅವನ ಹತ್ತಿರ ಮಾರಾಟದ ಕಾಗದವಿತ್ತು, ಅದರ ಮೇಲಿನ ವಿಳಾಸವನ್ನು ನಾನು ಬರೆದುಕೊಂಡೆ.

ಆ ದಿನ ಸಂಜೆಗೂ ಮೊದಲೇ ಇಬ್ಬರೂ ಬಾಗಿಲು ಹಾಕಿದೆವು. ಭಾವ ಸ್ನಾನ ಮಾಡಿ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಅವರು ಇಸ್ತ್ರಿಯ ಅಂಗಿ ಹಾಕಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಒಳಗೊಳಗೇ ಜೋಡಿಸುತ್ತಿದ್ದರು, ತುಟಿ ಅಲುಗುತ್ತಿತ್ತು. ನೀನು ಸುಮ್ಮನಿರು, ನಾನೇ ಹೇಳ್ತೀನಿ ಎಂದು ಎರಡು ಸಲ ಎಚ್ಚರಿಸಿದರು. ಇಕ್ಕಟ್ಟಾದ ಓಣಿಯ ಕೊನೆಯಲ್ಲಿ ನೆಲ ಅಂತಸ್ತಿನ ಮನೆ, ಬಾಗಿಲ ಮುಂದಿನ ನಾಲ್ಕು ಮೆಟ್ಟಿಲ ಮೇಲೆ ಗಾಲಿಕುರ್ಚಿ ಇಳಿಸಲು ಹಲಗೆ ಹಾಸಿತ್ತು. ಭಾವ ಚಪ್ಪಲಿ ಬಿಟ್ಟು ಬಾಗಿಲು ತಟ್ಟಿದರು.

ಗಡಿಯಾರದವರು ಬಾಗಿಲು ತೆರೆದರು. ನಮ್ಮನ್ನು ನೋಡಿ ಅವರ ಮುಖ ಅರಳಿದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಮೇಸ್ತ್ರೀ, ಬನ್ನಿ ಬನ್ನಿ ಎಂದು ಬದಿಗೆ ಸರಿದರು. ಭಾವ ಒಳಗೆ ಹೋಗಲಿಲ್ಲ. ಅಕ್ಕ ಹೇಗಿದ್ದಾರೆ ಎಂದು ಕೇಳಿದರು. ಕಾರಿಲ್ಲವಲ್ಲ, ಆಸ್ಪತ್ರೆಯ ವ್ಯಾನು ವಾರಕ್ಕೊಂದೇ ಸಲ ಬರುತ್ತದೆ, ಮೊದಲು ಗೋಡೆ ಹಿಡಿದು ಆರೇಳು ಹೆಜ್ಜೆ ಹಾಕುತ್ತಿದ್ದಳು, ಈಗ ಅದೂ ನಿಂತಿದೆ ಎಂದರು. ಅವಳ ಹಟಕ್ಕೆ ಮಾರಿಬಿಟ್ಟೆ, ನಿಮಗೆ ಹೇಳಿ ಮಾರಬೇಕಿತ್ತು, ಅಷ್ಟು ಕಷ್ಟಪಟ್ಟಿರಿ, ಮುಖ ತೋರಿಸಲು ಸಂಕೋಚವಾಯಿತು ಎಂದು ಅವರೇ ಕ್ಷಮೆ ಕೇಳುವವರಂತೆ ಹೇಳಿದರು.

ಭಾವ ದಾರಿಯಲ್ಲಿ ಜೋಡಿಸಿದ ಮಾತು ಯಾವುದೂ ಬರಲಿಲ್ಲ. “ಆ ನಟ್ಟು ನಾನೇ ಸಡಿಲ ಬಿಟ್ಟಿದ್ದೆ” ಎಂದರು. “ಪ್ರತಿ ಸಲಾನೂ. ನೀವು ಮತ್ತೆ ಬರ್ಲಿ ಅಂತ.”

ಗಡಿಯಾರದವರು ಅವರನ್ನೇ ನೋಡಿದರು. ಸಿಟ್ಟು ಮಾಡುತ್ತಾರೆ, ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು, ಆಮೇಲೆ ಕೆಳಗೆ ಬಿಟ್ಟರು.

“ಬನ್ನಿ ಅಂದಿದ್ರೆ ಸುಮ್ನೆ ಬರ್ತಿದ್ದೆ ಮೇಸ್ತ್ರಿ” ಎಂದರು. “ನನಗಾದ್ರೂ ಇನ್ಯಾರಿದ್ರು?”

ಒಳಗಿನ ಕೋಣೆಯಿಂದ ತೊದಲುವ ದನಿಯೊಂದು, ಯಾರು ಬಂದಿರೋದು ಎಂದು ಕೇಳಿತು.

“ಯಾರೂ ಇಲ್ಲ ಅಕ್ಕ” ಎಂದು ಗಡಿಯಾರದವರು ಹೇಳಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡರು. ಭಾವ ಚಪ್ಪಲಿ ಮೆಟ್ಟಿಕೊಂಡರು.